ಮೂರನೆಯ ಮಹಡಿಯ ಮಗ್ಗಗಳು

ದೇಗು, ೧೩ ಮಾರ್ಚ್ ೧೯೮೩

ತೇಸೊಪ್,

ಸೋಲ್‌ನಲ್ಲಿ ಇನ್ನೂ ಹಿಮ ಬೀಳುತ್ತಿದೆ ಎಂದು ರೇಡಿಯೋದಲ್ಲಿ ಹೇಳಿದರು. ಒಳಗೆ ಉಣ್ಣೆಯದು ಹಾಕಿಕೋ. ಅಮ್ಮ ಕಳಿಸಿದ ಮೂಲಂಗಿ ಕಿಮ್ಚಿಯಲ್ಲಿ ಅರ್ಧವನ್ನು ನಿನಗೆಂದು ತೆಗೆದಿಟ್ಟಿದ್ದೆ. ಹಾಸ್ಟೆಲಿನ ಕೋಣೆಯವರೆಲ್ಲ ಸೇರಿ ಮುಗಿಸಿದ್ದಾರೆ. ಮೊದಲು ಮುಚ್ಚಳ ತೆಗೆದವಳು ಮಾಲ್‌ಜಾ. ಕೇಳಿದರೆ, "ಓದೋರಿಗೆ ಖಾರ ಆಗ್ಬರಲ್ಲಕ್ಕಾ, ಮಿದುಳು ಉಪ್ಪಿನಕಾಯಿ ಆಗೋಗತ್ತೆ" ಅಂದಳು. ಹಾಸಿಗೆಯೂ ಪಕ್ಕದ್ದು, ಮಗ್ಗವೂ ಪಕ್ಕದ್ದು. ಅವಳ ಬಾಯಿಂದ ನನಗೆ ಬಿಡುಗಡೆಯೇ ಇಲ್ಲ.

ನನ್ನನ್ನು ಕಾರ್ಖಾನೆಯ ಮೂರನೆಯ ಮಹಡಿಯ ಮುಖ್ಯಸ್ಥೆ ಮಾಡಿದ್ದಾರೆ. ಕೆಂಪು ದಾರದ ಹಿತ್ತಾಳೆ ಸೀಟಿಯೊಂದನ್ನು ಕೊಟ್ಟಿದ್ದಾರೆ. ನಮ್ಮ ಟ್ರಾನ್ಸ್‌ಫಾರ್ಮರ್ ಹಳೆಯದು, ಆಗಾಗ ಕರೆಂಟು ಹೋಗುತ್ತದೆ. ಬಂದ ತಕ್ಷಣ ಯಾರು ಮೊದಲು ಹಿಡಿಕೆ ಎಳೆದು ಮಗ್ಗ ಶುರು ಮಾಡುತ್ತಾರೋ ಅವರ ಬಟ್ಟೆ ಮುಂದೆ ಹೋಗುತ್ತಿತ್ತು. ಕೂಲಿ ಬಟ್ಟೆಯ ಅಳತೆಯ ಮೇಲೆ, ಸಂಜೆ ಅಳೆಯುವ ಹೊತ್ತಿಗೆ ಜಡೆ ಹಿಡಿದು ಜಗಳ. ನಾನೊಂದು ಕಟ್ಟು ಮಾಡಿದೆ. ಕರೆಂಟು ಬಂದರೂ ಎಲ್ಲರೂ ಹಿಡಿಕೆಯ ಮೇಲೆ ಕೈಯಿಟ್ಟು ಕಾಯಬೇಕು. ನಾನು ಸೀಟಿ ಊದಿದ ಮೇಲೆ ಒಟ್ಟಿಗೆ ಎಳೆಯಬೇಕು. ಆಮೇಲೆ ಜಗಳವಾಗಿಲ್ಲ. ಮುಖ್ಯಸ್ಥೆಯಾಗಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಇನ್ನೊಂದು ವಿಚಿತ್ರ. ಹೊಸ ಮ್ಯಾನೇಜರರು ಎಲ್ಲ ಮಗ್ಗಗಳಿಗೂ ಒಂದೇ ವೇಗ ಇಡಿಸಿದ್ದಾರೆ. ಮೊದಲು ಮಹಡಿಯ ಸದ್ದು ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಇರುತ್ತಿತ್ತು, ಒಂದಕ್ಕೊಂದು ಸಂಬಂಧವಿಲ್ಲದೆ. ಈಗ ಮಧ್ಯಾಹ್ನದ ಹೊತ್ತಿಗೆ ಆ ಸದ್ದೆಲ್ಲ ನಿಧಾನವಾಗಿ ಒಂದಾಗುತ್ತದೆ. ಯಾರೋ ದೈತ್ಯ ಕೂತು ಒಂದೇ ದೊಡ್ಡ ಮಗ್ಗ ನೇಯುತ್ತಿದ್ದಾನೆ ಅನ್ನಿಸುತ್ತದೆ. ಆಗ ದೀಪಗಳು ತೂಗುತ್ತವೆ, ಕಾಲಡಿಯ ನೆಲ ಸರಿದು ಬರುತ್ತದೆ. "ಕಟ್ಟಡಕ್ಕೆ ಮದುವೆ ವಯಸ್ಸು ಬಂದಿರ್ಬೇಕು, ಕುಣೀತಿದೆ ನೋಡು" ಎಂದು ಮಾಲ್‌ಜಾ ನಗುತ್ತಾಳೆ. ನೀನು ಓದುತ್ತಿರುವುದು ಇಂಥದ್ದನ್ನೇ ಅಲ್ಲವೇ? ಸುಮ್ಮನೆ ಬರೆದೆ.

ಅಕ್ಕ ಪಿಲ್‌ಸುನ್


ಸೋಲ್, ೨ ಏಪ್ರಿಲ್ ೧೯೮೩

ಅಕ್ಕಾ,

ನಿನ್ನ ಪತ್ರವನ್ನು ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟುಕೊಂಡು ಎಷ್ಟು ಸಲ ಓದಿದೆನೋ. ನಾನು ಓದುತ್ತಿರುವುದು ಇಂಥದ್ದನ್ನಲ್ಲ, ಇದನ್ನೇ. ತಮ್ಮ ತಮ್ಮ ಪಾಡಿಗೆ ಬಡಿಯುವ ವಸ್ತುಗಳು ಒಂದೇ ನೆಲದ ಮೇಲೆ ಕೂತಾಗ ಹೇಗೆ ಒಂದಾಗುತ್ತವೆ ಎಂಬುದು. ಒಂದು ಮಗ್ಗದ ಬಡಿತ ನೆಲವನ್ನು ಕೂದಲೆಳೆಯಷ್ಟು ತಳ್ಳುತ್ತದೆ. ಆ ನೆಲ ಉಳಿದ ಮಗ್ಗಗಳನ್ನು ತಳ್ಳುತ್ತದೆ. ಹೀಗೆ ನೆಲದ ಮೂಲಕವೇ ಅವು ಮಾತಾಡಿಕೊಳ್ಳುತ್ತವೆ, ಕಡೆಗೆ ಹೆಜ್ಜೆ ಕೂಡಿಸುತ್ತವೆ. ಇಲ್ಲಿ ನಾವು ಇದನ್ನು ಕಾಗದದ ಮೇಲೆ, ಕಂಪ್ಯೂಟರಿನ ಮುಂದೆ ಸರದಿ ನಿಂತು ನೋಡುತ್ತೇವೆ. ನೀನು ಅದರ ಮೇಲೆ ನಿಂತಿದ್ದೀಯ.

ಅಪ್ಪನ ಚಟ್ಟ ನೆನಪಿದೆಯೇ? ಗಂಟೆ ಹಿಡಿದ ಮುದುಕ ಮುಂದೆ ಹಾಡುತ್ತಿದ್ದ, ಹೊತ್ತವರೆಲ್ಲ ಗಂಟೆಗೆ ಸರಿಯಾಗಿ ಹೆಜ್ಜೆ ಹಾಕುತ್ತಿದ್ದರು. ಹಳ್ಳದ ಮರದ ಸೇತುವೆ ಬಂದಾಗ ಅವನು ಗಂಟೆಯನ್ನು ತೋಳಿನಲ್ಲಿ ಅವುಚಿಕೊಂಡು, "ಇನ್ನು ಅವರವರ ಕಾಲು ಅವರವರಿಗೆ" ಅಂದ. ನಾನು ಹೆದರಿ ಅತ್ತಿದ್ದೆ, ಅಪ್ಪನನ್ನು ಬೀಳಿಸುತ್ತಾರೆ ಅಂತ. ಬೀಳಿಸಬಾರದು ಅಂತಲೇ ಅವನು ಹಾಗೆ ಹೇಳಿದ್ದು ಎಂದು ತಿಳಿಯಲು ನನಗೆ ಇಷ್ಟು ವರ್ಷದ ಓದು ಬೇಕಾಯಿತು.

ಒಂದು ಸಹಾಯ ಮಾಡು. ಕಿಟಕಿಯ ಕಟ್ಟೆಯ ಮೇಲೆ ಒಂದು ಬಟ್ಟಲು ನೀರಿಡು. ಯಾವಾಗ ಅಲೆ ಏಳುತ್ತದೆ, ಎಷ್ಟು ಮಗ್ಗ ಓಡುವಾಗ, ಯಾವ ದಿಕ್ಕಿಗೆ ತುಳುಕುತ್ತದೆ, ಬರೆದು ಕಳಿಸು. ಅಲ್ಲಿಯತನಕ ಯಾರೂ ಏನನ್ನೂ ಬದಲಿಸದಿದ್ದರೆ ಒಳ್ಳೆಯದು.

ಮುಖ್ಯಸ್ಥೆಯಾದದ್ದು ಸಂತೋಷ. ಆ ಸೀಟಿಯನ್ನು ಮಾಲ್‌ಜಾಳ ಕಿವಿಯಲ್ಲಿ ಊದು, ಕಿಮ್ಚಿ ತಿಂದದ್ದಕ್ಕೆ.

ತೇಸೊಪ್


ದೇಗು, ೨೨ ಮೇ ೧೯೮೩

ತೇಸೊಪ್,

ನೀನು ಕೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅರ್ಧದಷ್ಟು ಮಗ್ಗ ಓಡುವಾಗ ನೀರು ಅಲುಗುವುದೇ ಇಲ್ಲ. ಇನ್ನೂ ಕೆಲವನ್ನು ಎಳೆದರೂ ಅಲುಗುವುದಿಲ್ಲ. ಆಮೇಲೆ ಎರಡೋ ಮೂರೋ ಸೇರಿದರೆ ಸಾಕು, ಬಟ್ಟಲು ತುಳುಕಿಬಿಡುತ್ತದೆ. ಸ್ವಲ್ಪ ಸ್ವಲ್ಪವಾಗಿ ಹೆಚ್ಚಾಗುತ್ತದೆ ಅಂದುಕೊಂಡಿದ್ದೆ, ಹಾಗಾಗಲಿಲ್ಲ. ಸಿಟ್ಟು ನುಂಗಿಕೊಂಡವರ ಹಾಗೆ.

ನಿನ್ನ ಪತ್ರದಲ್ಲಿ "ಸುಂದರ" ಎಂಬ ಮಾತು ಇಲ್ಲ. ಆದರೂ ಓದುವಾಗ ನನಗೆ ಹಾಗೆ ಕೇಳಿಸಿತು. ಇಲ್ಲಿ ಹುಡುಗಿಯರು ದೋಣಿಯಲ್ಲಿ ಕೂತವರಂತೆ ವಾಂತಿ ಮಾಡುತ್ತಿದ್ದಾರೆ. ಮಾಲ್‌ಜಾ ಮಧ್ಯಾಹ್ನದ ಊಟ ಬಿಟ್ಟಿದ್ದಾಳೆ. "ತಿಂದು ಕಕ್ಕೋದಕ್ಕಿಂತ ತಿನ್ನದೇ ಇರೋದು ಲಾಭ" ಅನ್ನುತ್ತಾಳೆ. ಮೆಟ್ಟಿಲ ಮೇಲಿನ ಗೋಡೆಯಲ್ಲಿ ಒಂದು ಬಿರುಕು ಬಂದಿದೆ. ಮೇಸ್ತ್ರಿ ಕ್ವಾಕ್‌ಗೆ ತೋರಿಸಿದೆ. ಅವರು ಬೆರಳಿಟ್ಟು ನೋಡಿ, "ನನ್ನ ಹೆಂಡ್ತಿ ಹಿಮ್ಮಡಿ ಇದಕ್ಕಿಂತ ಜಾಸ್ತಿ ಒಡೆದಿದೆ ಕಣಮ್ಮ, ಮೂವತ್ತು ವರ್ಷದಿಂದ ನಡೀತಿದ್ದಾಳೆ" ಅಂದರು. ಮಾರನೆಯ ದಿನ ಅದರ ಮೇಲೆ ಸುಣ್ಣ ಬಳಿದು, ಉತ್ಪಾದನೆ ಹೆಚ್ಚಿಸಿ ಎಂಬ ಭಿತ್ತಿಪತ್ರ ಅಂಟಿಸಿದರು.

ನಿನಗೆ ಬೇಕಾದದ್ದು ಸಿಕ್ಕಿದ್ದರೆ, ಇದನ್ನು ನಿಲ್ಲಿಸುವುದು ಹೇಗೆ ಅಂತ ಹೇಳು.

ಪಿಲ್‌ಸುನ್


ಸೋಲ್, ೫ ಜೂನ್ ೧೯೮೩

ಅಕ್ಕಾ,

ಕ್ಷಮಿಸು. ಬಿರುಕಿನ ವಿಷಯ ಓದಿದ ಮೇಲೆ ಬೇರೇನೂ ಮಾಡಲಿಲ್ಲ.

ನಿಲ್ಲಿಸುವ ದಾರಿ ಸುಲಭ. ಎಲ್ಲ ಮಗ್ಗಗಳನ್ನೂ ಒಂದೇ ವೇಗಕ್ಕೆ ಇಟ್ಟದ್ದೇ ತಪ್ಪು. ಅಕ್ಕಪಕ್ಕದ ಮಗ್ಗಗಳ ವೇಗ ಸ್ವಲ್ಪ ಬೇರೆ ಬೇರೆ ಇರಲಿ. ಒಂದರ ಬೆಲ್ಟಿಗೆ ಚಿಕ್ಕ ಪುಲ್ಲಿ ಚಕ್ರ, ಪಕ್ಕದ್ದಕ್ಕೆ ಕೂದಲಷ್ಟು ದೊಡ್ಡದು. ಒಟ್ಟು ಬಟ್ಟೆ ಕಡಿಮೆಯಾಗುವುದಿಲ್ಲ, ಹೆಜ್ಜೆ ಮಾತ್ರ ಕೂಡುವುದಿಲ್ಲ. ಯಾವ ಮಗ್ಗಕ್ಕೆ ಯಾವ ಪುಲ್ಲಿ ಎಂದು ಚಿತ್ರ ಬರೆದಿದ್ದೇನೆ. ಕ್ವಾಕ್ ಅವರಿಗೆ ಬೇರೆ ಕಾಗದ ಇಟ್ಟಿದ್ದೇನೆ, ಬಹಳ ಮರ್ಯಾದೆಯ ಭಾಷೆಯಲ್ಲಿ. ನನ್ನ ಹೆಸರಿನ ಮುದ್ರೆ ಒತ್ತಿದ್ದೇನೆ. ಹುಡುಗಿಯ ಮಾತು ಅಂತ ತಳ್ಳಿಹಾಕದಿರಲಿ.

ಮಾಲ್‌ಜಾಗೆ ಊಟ ಮಾಡಲು ಹೇಳು.

ತೇಸೊಪ್


ದೇಗು, ೨೧ ಆಗಸ್ಟ್ ೧೯೮೩

ತೇಸೊಪ್,

ಕಟ್ಟಡ ಬಂಡೆಯಂತೆ ನಿಂತಿದೆ. ಪುಲ್ಲಿ ಬದಲಿಸಿದ ದಿನವೇ ಹಳೆಯ ಆಲಿಕಲ್ಲಿನ ಸದ್ದು ವಾಪಸು ಬಂತು. ಕೆಲವರು ಅತ್ತರು. ಆ ಗದ್ದಲ ಕೇಳಿ ಯಾರಾದರೂ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಕ್ವಾಕ್ ಈಗ ನನ್ನನ್ನು ಕರೆಯುವುದೇ "ಡಾಕ್ಟರ್‌ ಅಕ್ಕ" ಎಂದು. ಮಾಲ್‌ಜಾ ಎರಡು ಬಟ್ಟಲು ಬಾರ್ಲಿ ಅನ್ನ ಉಂಡು, "ನಿನ್ ತಮ್ಮಂಗೆ ಹೆಣ್ಣು ಗೊತ್ತಾಗಿದ್ಯಾ? ನಾನು ಒಂದೂವರೆ ವರ್ಷಕ್ಕೆ ದೊಡ್ಡೋಳು, ಅಷ್ಟೇ ತಾನೇ" ಎಂದಳು. ನಾಚಿಕೊಳ್ಳಬೇಡ. ಅವಳಿಗೆ ಊರಿನಲ್ಲಿ ಬಡಗಿಯೊಬ್ಬ ಗೊತ್ತಾಗಿದ್ದಾನೆ, ವಸಂತಕ್ಕೆ ಮದುವೆ.

ಕಳೆದ ವಾರ ಮಾಲೀಕರು ಬಂದಿದ್ದರು. ಎಲ್ಲ ಮಗ್ಗಗಳೂ ಓಡುವಾಗ ನಿನ್ನ ಬಟ್ಟಲಿನ ಜಾಗದಲ್ಲಿ ತುಂಬಿದ ಮಕ್ಕಲಿ ಬಟ್ಟಲನ್ನಿಟ್ಟು ನೋಡಿದರು. ಅಕ್ಕಿಯ ಆ ಬಿಳಿ ಹೆಂಡ ಒಂದು ಹನಿಯೂ ಚೆಲ್ಲಲಿಲ್ಲ. ಅಲ್ಲೇ ಅದನ್ನು ಕುಡಿದು, "ಇಷ್ಟು ಗಟ್ಟಿ ನೆಲಾನ ಖಾಲಿ ಬಿಟ್ಟಿದೀರಲ್ಲೋ" ಎಂದು ಮ್ಯಾನೇಜರರನ್ನು ಬೈದರು. ಹಿಂದಿನ ಷೆಡ್ಡಿನಲ್ಲಿರುವ ಮೂವತ್ತು ಮಗ್ಗಗಳನ್ನು ನಮ್ಮ ಮಹಡಿಗೇ ಹತ್ತಿಸುತ್ತಾರಂತೆ. ನಿನ್ನ ಕಾಗದಕ್ಕೆ ಗಾಜು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದ್ದಾರೆ.

ಮೂವತ್ತು ಹೆಚ್ಚಾದರೆ ಏನೂ ಆಗುವುದಿಲ್ಲವೇ? ಕ್ವಾಕ್ "ನಿನ್ ತಮ್ಮನ್ನೇ ಕೇಳು" ಅಂದರು. ಸುಗ್ಗಿ ಹಬ್ಬಕ್ಕೆ ಊರಿಗೆ ಬರುತ್ತೀಯಲ್ಲ, ಆಗಲೇ ಹೇಳು.

ಪಿಲ್‌ಸುನ್


ಸೋಲ್, ೨೭ ಸೆಪ್ಟೆಂಬರ್ ೧೯೮೩

ಅಕ್ಕಾ,

ಹಬ್ಬಕ್ಕೆ ಬರಲಾಗಲಿಲ್ಲ. ಅಮ್ಮನಿಗೆ ಸಮಾಧಾನ ಹೇಳು. ಮುಂದಿನ ತಿಂಗಳ ಸಮ್ಮೇಳನದಲ್ಲಿ ನಿಮ್ಮ ಮಹಡಿಯ ಬಗ್ಗೆಯೇ ಪ್ರಬಂಧ ಓದುತ್ತಿದ್ದೇನೆ. ನಮ್ಮ ಪ್ರಾಧ್ಯಾಪಕರು ಮೊದಲ ಬಾರಿ ನನ್ನ ಹೆಸರು ಹಿಡಿದು ಕರೆದರು.

ಮೂವತ್ತನ್ನು ಸೇರಿಸಿ ಲೆಕ್ಕ ಹಾಕಿ ನೋಡಿದೆ. ಹೆಜ್ಜೆ ಕೂಡುವುದಿಲ್ಲ. ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಮಗ್ಗ ಎಳೆದಂತೆ, ಸಂತೆಗೆ ಜನ ಸೇರಿದಂತೆ, ಒಂದೊಂದೂ ತನಗೆ ತೋಚಿದಾಗ ಶುರುವಾಗುತ್ತದೆ ಎಂದಿಟ್ಟುಕೊಂಡು ನೂರು ಬಗೆಯಲ್ಲಿ ಓಡಿಸಿದೆ. ಎಲ್ಲದರಲ್ಲೂ ನೆಲ ಶಾಂತ. ತೊಲೆಗಳು ಅಷ್ಟು ಭಾರ ಹೊರುತ್ತವೆಯೇ ಎಂಬುದು ಬೇರೆ ಪ್ರಶ್ನೆ, ಅದು ನನ್ನ ವಿಷಯವಲ್ಲ. ಕಟ್ಟಿದವರನ್ನು ಕೇಳಲಿ. ಅಲುಗಾಟದ ಮಟ್ಟಿಗೆ ತೊಂದರೆಯಿಲ್ಲ ಎಂದು ಹೇಳಬಹುದು.

ಅವಸರದಲ್ಲಿ,
ತೇಸೊಪ್


ದೇಗು, ೨೦ ನವೆಂಬರ್ ೧೯೮೩

ತೇಸೊಪ್,

ನೀನು ಹೇಳಿದ್ದನ್ನು ಕ್ವಾಕ್‌ಗೆ ಹೇಳಿದೆ. ಕಟ್ಟಿದವರನ್ನು ಕೇಳಬೇಕಂತೆ ಎಂದೂ ಹೇಳಿದೆ. "ಕಟ್ಟಿದೋನು ಸತ್ತು ಹುಲ್ಲು ಬೆಳ್ದಿದೆ, ಸಮಾಧಿಗೋಗಿ ಕೇಳ್ಕೊಂಡು ಬಾ" ಅಂದರು. ಮಗ್ಗಗಳು ಬಂದವು. ನಡುವೆ ಓಡಾಡಲು ಈಗ ಅಡ್ಡಡ್ಡ ನಡೆಯಬೇಕು.

ಚಳಿ ಶುರುವಾದಾಗಿನಿಂದ ಕರೆಂಟು ಹೆಚ್ಚು ಹೋಗುತ್ತಿದೆ. ಬಂದಾಗ ನೆಲ ಒಂದು ಸಲ ಮೈ ಕೊಡವುತ್ತದೆ, ಮಲಗಿದ್ದ ಎತ್ತು ಎದ್ದಂತೆ. ಆಮೇಲೆ ಸುಮ್ಮನಾಗುತ್ತದೆ. ಷೆಡ್ಡಿನಿಂದ ಬಂದ ಹುಡುಗಿಯರಿಗೆ ಸೀಟಿಯ ಅಭ್ಯಾಸವಿಲ್ಲ, ಹಿಂದೆ ಮುಂದೆ ಎಳೆಯುತ್ತಾರೆ, ಮತ್ತೆ ಅಳತೆಯ ಜಗಳ. ಅವರಿಗೂ ಕಲಿಸುತ್ತಿದ್ದೇನೆ. ಡಿಸೆಂಬರ್ ಹೊತ್ತಿಗೆ ಎಲ್ಲರ ಕೈಯೂ ಒಂದಾಗುತ್ತದೆ.

ಶಾಲು ಕಳಿಸಿದ್ದೇನೆ. ಅಂಚು ಮಾಲ್‌ಜಾ ಹೆಣೆದದ್ದು, ಅದಕ್ಕೇ ಸೊಟ್ಟ. ನಿನ್ನ ಪ್ರಬಂಧ ಹೇಗಾಯಿತು, ಒಂದು ಸಾಲು ಬರೆ.

ಪಿಲ್‌ಸುನ್


ಸೋಲ್, ೧೫ ಡಿಸೆಂಬರ್ ೧೯೮೩

ಅಕ್ಕಾ,

ಪತ್ರಿಕೆಯಲ್ಲಿ ನೋಡಿದೆ. ಕಾರ್ಖಾನೆಯ ಹೆಸರಿದೆ, ಮೂರನೆಯ ಮಹಡಿ ಎರಡನೆಯದರ ಮೇಲೆ ಕುಸಿಯಿತು ಎಂದಿದೆ, ಹೆಸರುಗಳಿಲ್ಲ. ಫೋನ್ ಯಾರೂ ಎತ್ತುತ್ತಿಲ್ಲ. ನಾನು ರೈಲು ಹತ್ತುತ್ತಿದ್ದೇನೆ. ನನಗಿಂತ ಈ ಕಾಗದ ಮೊದಲು ಬಂದರೆ, ಓದಿದವರು ಯಾರೇ ಆಗಿರಲಿ, ಅವಳಿಗೆ ನಾನು ಬರುತ್ತಿದ್ದೇನೆ ಎಂದು ಹೇಳಿ.

ಮಿನ್ ತೇಸೊಪ್


ಸೋಲ್, ೧೦ ಜನವರಿ ೧೯೮೪

ಅಕ್ಕಾ,

ನಾನು ಅಲ್ಲಿದ್ದಷ್ಟು ದಿನವೂ ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನನ್ನ ಮೇಲಿನ ಸಿಟ್ಟೋ, ನೋವೋ ಗೊತ್ತಾಗಲಿಲ್ಲ. ಬಲಗಾಲಿನ ಬಗ್ಗೆ ಡಾಕ್ಟರು ನಿನಗೆ ಹೇಳಿದ್ದಾರಂತೆ. ಅಮ್ಮನಿಗೆ ನಾನಿನ್ನೂ ಹೇಳಿಲ್ಲ.

ಮಾಲ್‌ಜಾಳ ಮನೆಗೆ ಹೋಗಿದ್ದೆ. ಆ ಬಡಗಿಯೂ ಬಂದಿದ್ದ. ಮದುವೆಗೆಂದು ಮಾಡಿದ್ದ ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟುಕೊಂಡು ಅದಕ್ಕೆ ಬೀಗದ ಕೊಂಡಿ ಕೂರಿಸುತ್ತಿದ್ದ. ಯಾರೂ ಅವನನ್ನು ತಡೆಯಲಿಲ್ಲ.

ನಿನ್ನ ವಾರ್ಡಿನ ಹುಡುಗಿಯರನ್ನು ಮಾತಾಡಿಸಿದೆ. ತನಿಖೆಯವರು ನನ್ನಿಂದ ಲಿಖಿತ ವರದಿ ಕೇಳಿದ್ದಾರೆ. ಗೋಡೆಯ ಮೇಲೆ ನನ್ನ ಮುದ್ರೆಯ ಕಾಗದವಿತ್ತಲ್ಲ. ಮಾಲೀಕರ ವಕೀಲರೂ ಬಂದಿದ್ದರು. ಬಹಳ ವಿನಯದಿಂದ, "ನೆಲ ಗಟ್ಟಿ ಇದೆ ಅಂತ ತಾವೇ ಬರ್ಕೊಟ್ಟಿದ್ರಲ್ಲ ಸಾರ್, ಹಂಗಾದ್ರೆ ಕೆಲಸದೋರೇ ಏನೋ ಮಾಡಿರ್ಬೇಕು, ಅಲ್ವಾ?" ಎಂದು ಕೇಳಿದರು.

ನಿನ್ನ ಕೈಬರಹದ ಒಂದು ಸಾಲು ಸಾಕು.

ತೇಸೊಪ್


ದೇಗು, ೫ ಫೆಬ್ರುವರಿ ೧೯೮೪

ತೇಸೊಪ್,

ಸಿಟ್ಟಿಲ್ಲ. ಮುಖ ತಿರುಗಿಸಿದರೆ ಪಕ್ಕದ ಹಾಸಿಗೆ ಕಾಣುತ್ತಿತ್ತು. ಹತ್ತು ವರ್ಷದಿಂದ ನನ್ನ ಪಕ್ಕದ ಹಾಸಿಗೆ ಮಾಲ್‌ಜಾಳದು. ಅಲ್ಲಿ ಬೇರೆಯವಳು ಮಲಗಿದ್ದಳು.

ಆ ದಿನದ್ದನ್ನು ಯಾರಿಗೂ ಪೂರ್ತಿ ಹೇಳಿಲ್ಲ, ನಿನಗೆ ಹೇಳುತ್ತೇನೆ. ಊಟ ಮುಗಿಸಿ ಬಂದು ಸ್ವಲ್ಪ ಹೊತ್ತಾಗಿತ್ತು, ಕರೆಂಟು ಹೋಯಿತು. ಆ ಮೌನದಲ್ಲಿ ಕಿವಿ ಗುಂಯ್ ಅನ್ನುತ್ತದೆ. ಹುಡುಗಿಯರು ಕೈಗೆ ಉಸಿರೂದಿಕೊಳ್ಳುತ್ತ ನಿಂತರು. ಮಾಲ್‌ಜಾ, "ಅಕ್ಕಾ, ಮದ್ವೆ ದಿನಾನೂ ನೀನು ಸೀಟಿ ಊದಿದ್ಮೇಲೇ ಅವ್ನು ನನ್ನ ಮುಖ ನೋಡ್ಬೇಕು" ಅಂದಳು. ಎಲ್ಲರೂ ನಕ್ಕರು. ದೀಪ ಬಂತು. ಸಾಲಿನ ಈ ತುದಿಯಿಂದ ಆ ತುದಿಯತನಕ ಎಲ್ಲರ ಕೈಯೂ ಹಿಡಿಕೆಯ ಮೇಲಿದೆಯೇ ಎಂದು ನೋಡಿ ಊದಿದೆ. ಷೆಡ್ಡಿನವರೂ ಸೇರಿ ಒಬ್ಬರೂ ಹಿಂದೆ ಬೀಳಲಿಲ್ಲ. ಅಷ್ಟು ಸರಿಯಾಗಿ ಹಿಂದೆಂದೂ ಆಗಿರಲಿಲ್ಲ. ನನಗೆ ಹೆಮ್ಮೆಯಾಯಿತು, ತೇಸೊಪ್.

ನೆಲ ಮೈ ಕೊಡವಿತು. ಈ ಸಲ ಸುಮ್ಮನಾಗಲಿಲ್ಲ. ಆ ದೈತ್ಯನ ಸದ್ದು ಕೇಳಿತು. ಪುಲ್ಲಿ ಬದಲಿಸಿದ ಮೇಲೆ ಅದನ್ನು ಕೇಳಿರಲಿಲ್ಲ. ಮಾಲ್‌ಜಾ ನನ್ನ ಕಡೆ ತಿರುಗಿ ಏನೋ ಕೇಳಿದಳು. ಬಾಯಿ ಕಂಡಿತು, ಮಾತು ಕೇಳಿಸಲಿಲ್ಲ.

ವೇಗಗಳು ಬೇರೆ ಬೇರೆ ಇದ್ದವು. ನಿನ್ನ ಚಿತ್ರದಂತೆಯೇ ಇದ್ದವು, ನಾನೇ ನೋಡಿಕೊಳ್ಳುತ್ತಿದ್ದೆ. ಹಾಗಿದ್ದರೆ ಯಾಕೆ ಕೂಡಿದವು? ಇಲ್ಲಿ ಎಲ್ಲರೂ "ದೇವರ ಇಚ್ಛೆ" ಅನ್ನುತ್ತಾರೆ. ನೀನು ಹಾಗೆ ಹೇಳಬೇಡ. ನೇರವಾಗಿ ಹೇಳು.

ಪಿಲ್‌ಸುನ್


ಸೋಲ್, ೧೯ ಫೆಬ್ರುವರಿ ೧೯೮೪

ಅಕ್ಕಾ,

ನೇರವಾಗಿಯೇ ಹೇಳುತ್ತೇನೆ. ಮೂವತ್ತು ಮಗ್ಗಗಳ ಭಾರ. ತೊಲೆಗಳು ಅದಕ್ಕೆ ತಕ್ಕವಲ್ಲ. ಒಳಗೆ ಹಾಕಬೇಕಾದಷ್ಟು ಕಬ್ಬಿಣ ಹಾಕಿರಲಿಲ್ಲ ಎಂದು ತನಿಖೆಯವರೂ ಕಂಡಿದ್ದಾರೆ. ಅಷ್ಟು ಮಗ್ಗಗಳನ್ನು ಹತ್ತಿಸಿದವರು ಮಾಲೀಕರು, ಆಗಬಹುದು ಎಂದವನು ನಾನು. ನೀನು ಏನೂ ಮಾಡಿಲ್ಲ. ಆ ದಿನ ನೀನು ಊದದಿದ್ದರೂ ಅದು ಬೀಳುತ್ತಿತ್ತು.

ವರದಿಯ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ಅರ್ಥವಾಗದಿದ್ದರೆ ತಲೆಕೆಡಿಸಿಕೊಳ್ಳಬೇಡ. ಮುಂದಿನ ತಿಂಗಳ ಕೊನೆಗೆ ಸಲ್ಲಿಸಬೇಕು. ಅದಾದ ಮೇಲೆ ಈ ಓದು ಬಿಟ್ಟು ಊರಿಗೆ ಬರುತ್ತೇನೆ.

ತೇಸೊಪ್


ದೇಗು, ೧೧ ಮಾರ್ಚ್ ೧೯೮೪

ತೇಸೊಪ್,

ವರದಿ ಓದಿದೆ. ಆಸ್ಪತ್ರೆಯಲ್ಲಿ ಓದಲು ಬೇರೇನಿದೆ. ಚಿಹ್ನೆಗಳನ್ನು ಬಿಟ್ಟು ಮಾತುಗಳನ್ನಷ್ಟೇ ಓದಿದೆ, ಎಷ್ಟೋ ಸಲ. ಮೂರನೆಯ ಪುಟದಲ್ಲಿ ಹೀಗೆ ಬರೆದಿದ್ದೀಯ: "ಕರೆಂಟು ಬಂದ ನಂತರ ಕೆಲಸಗಾರರು ತಮ್ಮ ತಮ್ಮ ಮಗ್ಗಗಳನ್ನು ಬೇರೆ ಬೇರೆ ಕ್ಷಣಗಳಲ್ಲಿ ಆರಂಭಿಸಿದರು."

ಯಾರು ನಿನಗೆ ಹಾಗೆ ಹೇಳಿದರು? ನಾನು ಹೇಳಿಲ್ಲ. ಕಳೆದ ಮಾರ್ಚಿನ ಪತ್ರದಲ್ಲೇ ಸೀಟಿಯ ವಿಷಯ ಬರೆದಿದ್ದೆ. ಹೋದ ತಿಂಗಳು ಆ ದಿನದ್ದನ್ನೆಲ್ಲ ಬರೆದೆ. ವಾರ್ಡಿನಲ್ಲಿ ನೀನು ಒಬ್ಬೊಬ್ಬಳ ಹಾಸಿಗೆಯ ಹತ್ತಿರವೂ ಕೂತು, ಹೇಗೆ ಎಳೆದಿರಿ, ಯಾರು ಮೊದಲು, ಯಾರು ಆಮೇಲೆ ಎಂದು ಕೇಳಿದೆಯಂತೆ. ಎಲ್ಲರೂ ಒಂದೇ ಉತ್ತರ ಕೊಟ್ಟರಂತೆ. ಪಕ್ಕದ ಹಾಸಿಗೆಯ ಯೊಂಗ್ನ್ಯೊ ಹೇಳಿದಳು. "ನಿಮ್ ತಮ್ಮ ಕಾರಿಡಾರ್‌ಗೆ ಹೋಗಿ ಗೋಡೆಗೆ ಹಣೆ ಕೊಟ್ಕೊಂಡು ನಿಂತಿದ್ರಕ್ಕಾ, ನರ್ಸು ಕುರ್ಚಿ ತಂದ್ಕೊಟ್ಟರೂ ಕೂರ್ಲಿಲ್ಲ." ಆಗಲೇ ನಿನಗೆ ಗೊತ್ತಾಯಿತು, ಅಲ್ಲವೇ?

ನಿನ್ನ ವಿದ್ಯೆ ನನಗೆ ಬರುವುದಿಲ್ಲ. ಮಲಗಿಕೊಂಡೇ ಯೋಚಿಸಿದೆ. ಅವೇ ಮಗ್ಗಗಳು, ಅವೇ ಪುಲ್ಲಿಗಳು. ಹುಡುಗಿಯರು ಹಿಂದೆ ಮುಂದೆ ಎಳೆದಾಗ ನೆಲ ಮೈ ಕೊಡವಿ ಸುಮ್ಮನಾಗುತ್ತಿತ್ತು. ಎಲ್ಲರ ಕೈ ಒಂದಾದ ದಿನ ಸುಮ್ಮನಾಗಲಿಲ್ಲ. ಮಗ್ಗಗಳು ಚೆದರಿ ಶುರುವಾದರೆ ಚೆದರಿಯೇ ಇರುತ್ತಿದ್ದವು. ಕೂಡಿ ಶುರುವಾದಾಗ, ಅಷ್ಟು ಮಗ್ಗ ಸೇರಿದ ಮೇಲೆ, ನೆಲ ಅವುಗಳನ್ನು ಬಿಡಲಿಲ್ಲ. ಹೌದೋ ಅಲ್ಲವೋ ಎಂದು ನೀನು ಬರೆಯಬೇಕಾಗಿಲ್ಲ. ಅದು ನಿಜವಲ್ಲದಿದ್ದರೆ ನೀನು ಆ ಸಾಲನ್ನು ಬರೆಯುತ್ತಿರಲಿಲ್ಲ.

ಸೇತುವೆಯ ಹತ್ತಿರ ಆ ಮುದುಕ ಗಂಟೆ ಅವುಚಿಕೊಂಡದ್ದನ್ನು ನೀನೂ ನೋಡಿದ್ದೆ, ನಾನೂ ನೋಡಿದ್ದೆ. ಸೆಪ್ಟೆಂಬರಿನಲ್ಲಿ ನೀನು ಸಂತೆಯ ಮಾತು ಬರೆದಾಗಲೂ ಓದಿದೆ. ನಮ್ಮಲ್ಲಿ ಹಾಗಲ್ಲವಲ್ಲ ಅನ್ನಿಸಿತು. ಲೆಕ್ಕದೊಳಗಿನ ಮಗ್ಗಗಳು ಹಾಗಿರುತ್ತವೇನೋ ಅಂದುಕೊಂಡು ಪತ್ರ ಮಡಿಸಿಟ್ಟೆ. ನೀನು ಓದಿದವನು, ಅವಸರದಲ್ಲಿದ್ದೆ, ಸಣ್ಣ ವಿಷಯಕ್ಕೆ ಯಾಕೆ ತೊಂದರೆ ಕೊಡಲಿ ಎಂದುಕೊಂಡೆ.

ಕ್ವಾಕ್ ನಿನ್ನೆ ಕಿತ್ತಳೆ ಹಣ್ಣು ತಂದಿದ್ದರು. ಉಳಿದ ಹುಡುಗಿಯರನ್ನೆಲ್ಲ ಮಾಲೀಕರ ಇನ್ನೊಂದು ಕಾರ್ಖಾನೆಗೆ ಹಾಕಿದ್ದಾರಂತೆ. ಅದು ನಾಲ್ಕನೆಯ ಮಹಡಿ. ನನಗೆ ಖುಷಿಯಾಗಲಿ ಎಂದು ಹೇಳಿದರು: "ನೀನು ಮಾಡಿದ ಕಟ್ಟನ್ನೇ ಅಲ್ಲೂ ನಡೆಸ್ತಿದಾರಮ್ಮ. ಸೀಟಿ ಊದಿದ್ರೆ ಒಂದೇ ಏಟಿಗೆ ಝಂ ಅಂತ ಶುರು. ನೋಡೋಕೇ ಚೆಂದ." ಏಳಲು ಹೋದೆ. ಕಾಲಿಲ್ಲದ್ದು ಮರೆತಿತ್ತು. ಬೇಡ, ಊದಬೇಡಿ ಎಂದು ಕೂಗಿದೆ. ಅವರು ಹೆದರಿ ನರ್ಸನ್ನು ಕರೆದರು, ನನಗೆ ಸೂಜಿ ಚುಚ್ಚಿದರು. ನನ್ನ ಮಾತನ್ನು ಇನ್ನು ಯಾರೂ ಕೇಳುವುದಿಲ್ಲ. ಮುದ್ರೆ ಒತ್ತಿದ ಕಾಗದವನ್ನು ಕೇಳುತ್ತಾರೆ.

ಸೀಟಿಯ ವಿಷಯ ವರದಿಯಲ್ಲಿ ಬಂದರೆ ವಕೀಲರು ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ತೊಲೆಯ ಕಬ್ಬಿಣ ಮರೆತುಹೋಗುತ್ತದೆ, ಮೂವತ್ತು ಮಗ್ಗ ಮರೆತುಹೋಗುತ್ತವೆ, ಸೀಟಿ ಊದಿದವಳು ಉಳಿಯುತ್ತಾಳೆ. ಮಾಲ್‌ಜಾಳ ಅಮ್ಮನೂ ಅದನ್ನು ಓದಿಸಿಕೊಂಡು ಕೇಳುತ್ತಾಳೆ. ಅದಕ್ಕೇ ನೀನು ಹಾಗೆ ಬರೆದೆ. ನಿನ್ನ ಮೇಲೆ ಬೇಸರವಿಲ್ಲ. ಆದರೆ ಆ ನಾಲ್ಕನೆಯ ಮಹಡಿಯಲ್ಲಿ ಯೊಂಗ್ನ್ಯೊಳ ತಂಗಿ ಇದ್ದಾಳೆ.

ಮಹಡಿ ಬಿದ್ದ ದಿನ ಈ ಸೀಟಿ ನನ್ನ ಕೊರಳಲ್ಲೇ ಇತ್ತು. ನರ್ಸು ಕಾಗದದಲ್ಲಿ ಸುತ್ತಿ ಇಟ್ಟಿದ್ದಳು. ಹಿತ್ತಾಳೆ ಒಂದು ಕಡೆ ನೆಗ್ಗಿದೆ, ಒಳಗೆ ಸಿಮೆಂಟಿನ ಪುಡಿ ಕೂತಿದೆ. ತೊಳೆಯಲಿಲ್ಲ. ಪತ್ರದ ಜೊತೆ ಕಳಿಸಿದ್ದೇನೆ. ಮೂರನೆಯ ಪುಟವನ್ನು ಹರಿದು ಹೊಸದಾಗಿ ಬರೆ. ಇದನ್ನೂ ಲೆಕ್ಕಕ್ಕೆ ಸೇರಿಸು.

ಅಕ್ಕ ಪಿಲ್‌ಸುನ್